ಗೋಡೆ ಬರುವ ತನಕ ಕಾದಿಟ್ಟ ಕಟ್ಟುಗಳು

ಜಮಖಂಡಿಯ ಹಳೆ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅರವತ್ಮೂರು ವರ್ಷದ ತುಕಾರಾಮ ಜಾಧವ ಅಂಗಳದಲ್ಲಿ ಕೌದಿ ಹಾಸಿ, ಅದರ ಮೇಲೆ ಗಾಜಿನ ಕಟ್ಟುಗಳನ್ನು, ಫೋಟೋಗೆ ಹಾಕುವಂಥ ಚೌಕಟ್ಟುಗಳನ್ನು, ಒಂದೊಂದಾಗಿ ಮಲಗಿಸುತ್ತಿದ್ದಾರೆ. ದೂರದಿಂದ ನೋಡಿದವರು ದೇವರ ಫೋಟೋ ಎಂದು ಕೈ ಮುಗಿಯಬೇಕು. ಹತ್ತಿರ ಹೋದರೆ ಒಂದರೊಳಗೆ ಹಿತ್ತಾಳೆಯ ಬಕ್ಕಲ್ಲು, ಇನ್ನೊಂದರೊಳಗೆ ಬಂದೂಕಿನ ಮೂರು ಖಾಲಿ ತೋಟೆ, ಮತ್ತೊಂದರೊಳಗೆ ಅಂಗೈಯಗಲದ ಹಸಿರು ನೈಲಾನ್ ಬಟ್ಟೆ. ನಾಲ್ಕನೆಯದರೊಳಗೆ ಒಂದು ಬಿಸ್ಕತ್ತು. ಸೈನ್ಯದ ಬಿಸ್ಕತ್ತು, ನಲವತ್ತೆರಡು ವರ್ಷ ಹಳೆಯದು. ಅದರ ಒಂದು ಮೂಲೆ ಇಲ್ಲ.

“ಅದು ಮುಧೋಳದ ಇಲಿ ತಿಂದದ್ದರಿ. ಯುದ್ಧದಾಗ ಹೋದದ್ದಲ್ಲ,” ಎಂದು ತುಕಾರಾಮ ಸ್ಪಷ್ಟಪಡಿಸುತ್ತಾರೆ. ಇಲಿಗೂ ಊರು ಹಚ್ಚುವಷ್ಟು ಕರಾರುವಾಕ್ಕು ಮನುಷ್ಯ.

ಇಂದು ಖಂಡೇಪೂಜೆ, ದಸರೆಯ ಆಯುಧಪೂಜೆ. ಕೊಡಲಿ, ಕುಡಗೋಲು, ಮಗ್ಗ, ಮೋಟಾರು, ಯಾವುದು ಅನ್ನ ಕೊಡುತ್ತದೋ ಅದಕ್ಕೆಲ್ಲ ಕುಂಕುಮ ಹಚ್ಚುವ ದಿನ. ದಂಡಿಗೆ ಹೋಗಿ ಬಂದವರ ಮನೆಗಳಲ್ಲಿ ಈ ಗಾಜಿನ ಕಟ್ಟುಗಳಿಗೂ ಹಚ್ಚುತ್ತಾರೆ. ಆದರೆ ಕಟ್ಟುಗಳು ಆ ಮನೆಗಳಲ್ಲಿಲ್ಲ, ತುಕಾರಾಮರ ಮನೆಯಲ್ಲಿವೆ. ಆದ್ದರಿಂದ ವರ್ಷಕ್ಕೊಮ್ಮೆ ಅವರೇ ತಮ್ಮ ಹಳೆಯ ಲೂನಾ ಮೇಲೆ ಅವನ್ನು ಹೊತ್ತು ಮನೆಮನೆಗೆ ಮುಟ್ಟಿಸುತ್ತಾರೆ. ಪೂಜೆ ಮುಗಿದು ಬನ್ನಿ ಹಂಚಿದ ಮೇಲೆ ಮತ್ತೆ ಹೋಗಿ ತರುತ್ತಾರೆ. ನಿನ್ನೆ ಬೀಳಗಿ ಕಡೆಯ ಐದು ಮುಗಿದಿವೆ. ಇಂದು ಮುಧೋಳದ್ದು ಒಂದು, ಬನಹಟ್ಟಿಯವು ಎರಡು, ತೇರದಾಳದ್ದು ಒಂದು. ಆಮೇಲೆ ಚಿಕ್ಕಪಡಸಲಗಿ. ಅಲ್ಲಿಗೆ ಕಟ್ಟು ಒಯ್ಯುವುದಿಲ್ಲ. ಒಂದು ಮಾತು ಹೇಳಿ ಬರಬೇಕಿದೆ, ಅಷ್ಟೆ. ಮುಧೋಳಕ್ಕಿಂತ ಚಿಕ್ಕಪಡಸಲಗಿ ಹತ್ತಿರ. ಮೊದಲು ಅಲ್ಲಿಗೆ ಹೋಗಿ ಬರಬಹುದಿತ್ತು. ತುಕಾರಾಮ ಅದನ್ನು ಕೊನೆಗಿಟ್ಟಿದ್ದಾರೆ. ಕಾರಣ ಕೇಳಿದರೆ ರಸ್ತೆಯ ಗುಂಡಿಗಳನ್ನು ದೂರುತ್ತಾರೆ.

ಎದುರು ಮನೆಯ ತಾಯವ್ವ ಅಂಗಳಕ್ಕೆ ನೀರು ಹೊಡೆಯುತ್ತ ಈ ತಯಾರಿಯನ್ನು ನೋಡುತ್ತಾರೆ. ಪ್ರತಿ ವರ್ಷ ನೋಡುತ್ತಾರೆ, ಪ್ರತಿ ವರ್ಷ ಒಂದು ಮಾತು ಆಡುತ್ತಾರೆ.

“ಲಗ್ನಾ ಆಗು ಅಂದ್ರ ಆಗಲಿಲ್ಲ. ಈಗ ಸತ್ತೋರ ಸಾಮಾನಿನ ಕೂಡ ಸಂಸಾರ ಮಾಡಾಕತ್ತಾನ ನೋಡು ನಮ್ಮ ತುಕಾರಾಮಣ್ಣ.”

“ಎಲ್ಲಾರೂ ಸತ್ತಿಲ್ಲ ಬೇ ತಾಯವ್ವ. ಹನ್ನೊಂದ ಮಂದಿ ಇನ್ನ ಅದಾರ.”

“ಅವರರ ಏನ್ ನಿನಗ ರೊಟ್ಟಿ ಮಾಡಿ ಹಾಕತಾರೇನ?”

ತುಕಾರಾಮ ಸೈಕಲ್ಲಿನ ಹಳೆಯ ಟ್ಯೂಬಿನಿಂದ ಕೌದಿಯ ಗಂಟನ್ನು ಬಿಗಿದು, ಎರಡು ಸಲ ಅಲುಗಿಸಿ ನೋಡಿ, ಲೂನಾ ತುಳಿಯುತ್ತಾರೆ.

ಲಗ್ನದ ಕಥೆಯನ್ನು ಓಣಿಯವರು ಇನ್ನೂ ಮರೆತಿಲ್ಲ. ೧೯೭೭ರಲ್ಲಿ ತೇರದಾಳಕ್ಕೆ ಹೆಣ್ಣು ನೋಡಲು ಹೋಗಿದ್ದ ತುಕಾರಾಮ ಹುಡುಗಿಯ ಮುಖ ನೋಡಲಿಲ್ಲವಂತೆ. ಅವಳು ಉಟ್ಟ ಸೀರೆಯ ಅಂಚು ನೋಡಿ, “ಇಲ್ಲಿ ನಾಲ್ಕ ಎಳಿ ತಪ್ಪ್ಯಾವ” ಅಂದರಂತೆ. ಹೆಣ್ಣಿನವರು ಚಹಾ ಕೊಟ್ಟು ಕಳಿಸಿದರು. ಎರಡನೆಯ ಸಲ ಯಾರೂ ಕರೆಯಲಿಲ್ಲ, ಇವರೂ ಹೋಗಲಿಲ್ಲ.

ತಪ್ಪು ಪೂರ್ತಿ ಅವರದಲ್ಲ. ಬನಹಟ್ಟಿಯಲ್ಲಿ ನೇಕಾರರಿಂದ ಬಟ್ಟೆ ಕೊಳ್ಳುವ ಒಂದು ಕೇಂದ್ರದಲ್ಲಿ ಮೂವತ್ತೊಂದು ವರ್ಷ ಅವರು ಬಟ್ಟೆ ತಪಾಸಣೆಯವರಾಗಿದ್ದರು. ದಿನಕ್ಕೆ ಎಪ್ಪತ್ತು ಎಂಬತ್ತು ಸೀರೆ ಮೇಜಿನ ಮೇಲೆ ಬೀಳುತ್ತಿದ್ದವು. ಮಡಚುವ ಪುಟ್ಟ ಭೂತಗನ್ನಡಿಯನ್ನು ಬಟ್ಟೆಯ ಮೇಲಿಟ್ಟು, ಒಂದು ಇಂಚಿಗೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸುವುದು ಕೆಲಸ. ಲೆಕ್ಕ ಕೂಡಿದರೆ ಪಾಸು, ಇಲ್ಲದಿದ್ದರೆ ವಾಪಸು. ವಾಪಸು ಎಂದ ಮೇಲೆ ನೇಕಾರ ಅತ್ತರೂ ಅಷ್ಟೆ, ಬೈದರೂ ಅಷ್ಟೆ. ಅವರಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟವರು ನೇಕಾರರೇ. ನಿವೃತ್ತಿಯಾಗಿ ಐದು ವರ್ಷವಾದರೂ ಆ ಗಾಜು ಜೇಬಿನಲ್ಲೇ ಇದೆ.

ಕಟ್ಟುಗಳು ಅವರ ಬದುಕಿಗೆ ಬಂದದ್ದು ಅಣ್ಣ ಶಿವಾಜಿಯ ದೆಸೆಯಿಂದ. ೧೯೭೧ರ ಡಿಸೆಂಬರಿನಲ್ಲಿ ಪೂರ್ವ ಬಂಗಾಳದ ಟಾಂಗೈಲ್ ಊರಿನ ಹತ್ತಿರ ನಮ್ಮ ಸೈನ್ಯ ವಿಮಾನಗಳಿಂದ ಕೆಳಗೆ ಧುಮುಕಿತಲ್ಲ, ಆ ಪಡೆಯಲ್ಲಿ ಶಿವಾಜಿಯೂ ಇದ್ದರು. ಅವರ ಜೊತೆ ಈ ಭಾಗದ ಇನ್ನೂ ಹಲವರಿದ್ದರು. ಮರುವರ್ಷ ರಜೆಗೆ ಬಂದಾಗ ಒಬ್ಬೊಬ್ಬರೂ ಒಂದೊಂದು ವಸ್ತು ತಂದರು. ಪ್ಯಾರಾಶೂಟಿಗೆ ಅವರೆಲ್ಲ ‘ಛತ್ರಿ’ ಎನ್ನುತ್ತಿದ್ದರು. ಛತ್ರಿಯ ತುಂಡು, ಹಗ್ಗದ ಚೂರು, ಬಕ್ಕಲ್ಲು, ತೋಟೆ, ಇಳಿದ ಹೊಲದ ಒಂದು ಹಿಡಿ ಮಣ್ಣು. ತಂದದ್ದನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ದೇವರ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ ಅಪ್ಪಾಸಾಬನ ಅಂಗಡಿಗೆ ಒಬ್ಬ ಹೋದ, ಅವನನ್ನು ನೋಡಿ ಎಲ್ಲರೂ ಹೋದರು. ಅಪ್ಪಾಸಾಬ ಲಕ್ಷ್ಮಿಗೆ, ಮಾರುತಿಗೆ ಹಾಕುವ ಕಟ್ಟನ್ನೇ ಇವಕ್ಕೂ ಹಾಕಿಕೊಟ್ಟ. ಹಿನ್ನೆಲೆಗೆ ಗುಲಾಬಿ ಹೂವಿನ ಕಾಗದ. ತೋಟೆಗಳ ಹಿಂದೆಯೂ ಗುಲಾಬಿ.

ಶಿವಾಜಿ ೧೯೮೮ರಲ್ಲಿ ಕಾಮಾಲೆಯಾಗಿ ತೀರಿಕೊಂಡರು. ತೊಂಬತ್ತೇಳರಲ್ಲಿ ಅಣ್ಣನ ಗೆಳೆಯನೊಬ್ಬನ ಮನೆಯವರನ್ನು ಮಾತಾಡಿಸಲೆಂದು ತುಕಾರಾಮ ಬೀಳಗಿ ಕಡೆ ಹೋದಾಗ ಊರಿಗೆ ಊರೇ ಗಂಟು ಕಟ್ಟುತ್ತಿತ್ತು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬರುವುದಿತ್ತು. ಬಾಗಿಲು, ತೊಲೆ, ಬೀಸುವ ಕಲ್ಲು ಎಲ್ಲ ಬಂಡಿ ಏರಿದ್ದವು. ಗೆಳೆಯನ ಹೆಂಡತಿ ಗಾಜಿನ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಅಲ್ಲಿ ಮೊದಲ ತಗಡಿನ ಶೆಡ್ಡ ಕೊಡತಾರಂತರಿ. ತಗಡಿಗೆ ಮೊಳಿ ನಿಂದರಂಗಿಲ್ಲ. ನೆಲದ ಮ್ಯಾಲ ಇಟ್ರ ಹುಡುಗೋರು ತುಳೀತಾವ. ನಿಮ್ಮನಿ ಗ್ವಾಡಿ ಘಟ್ಟಿ ಐತಲ್ಲ, ನೀವ ಇಟಗೋರಿ, ನಮ್ಮ ಗ್ವಾಡಿ ಬರೂತನಕ,” ಅಂದಳು.

ಹಾಗೆ ಮೊದಲ ಕಟ್ಟು ಬಂತು. ಆಮೇಲೆ ಊರಿಂದ ಊರಿಗೆ ಸುದ್ದಿ ಹೋಗಿ, ನಾಲ್ಕು ವರ್ಷದಲ್ಲಿ ಅರವತ್ತೊಂದು ಬಂದವು, ಹಳೆ ಮನೆ ಕೆಡವಿ ಹೊಸದು ಕಟ್ಟುತ್ತಿದ್ದ ಮುಧೋಳ, ಬನಹಟ್ಟಿ, ತೇರದಾಳದವರಿಂದಲೂ. ಕೆಲವನ್ನು ಮನೆಯವರೇ ಕರೆದು ಕೊಟ್ಟರು. ಕೆಲವನ್ನು ಕೆಡವಿದ ಮನೆಗಳ ಮಣ್ಣಿನಲ್ಲಿ ಇವರೇ ಹುಡುಕಿ ತೆಗೆದರು. ಪ್ರತಿಯೊಂದರ ಬೆನ್ನಿಗೂ ಒಂದು ಚೀಟಿ: ಹೆಸರು, ಊರು, ತಾರೀಖು, ಕೆಳಗೆ ದುಂಡು ಅಕ್ಷರದಲ್ಲಿ ‘ಗೋಡೆ ಬಂದ ಮೇಲೆ ಕೊಡತಕ್ಕದ್ದು.’

ಗೋಡೆಗಳು ಬಂದವು. ಸಿಮೆಂಟಿನವೇ ಬಂದವು. ಇಪ್ಪತ್ನಾಲ್ಕು ಮನೆಯವರು ಬಂದು ತಮ್ಮ ಕಟ್ಟು ಒಯ್ದರು. ಉಳಿದ ಮೂವತ್ತೇಳು ತುಕಾರಾಮರ ಎರಡು ಕೋಣೆಯ ಗೋಡೆ ತುಂಬ ಇವೆ, ಕ್ಯಾಲೆಂಡರಿಗೆ ಜಾಗವಿಲ್ಲ. ಮೊದಮೊದಲು ಖಂಡೇಪೂಜೆಗೆ ಮೂವತ್ತು ಮನೆಯವರಾದರೂ ‘ತಂದು ಕೊಡ್ರಿ’ ಎನ್ನುತ್ತಿದ್ದರು. ಈ ವರ್ಷ ಒಂಬತ್ತು. “ಇರಲಿ ಬಿಡ್ರಿ, ನಿಮ್ಮ ಹತ್ರಾನ ಛಲೋ ಅದಾವ, ಅಂತಾರ,” ಎನ್ನುತ್ತಾರೆ ತುಕಾರಾಮ. “ಛಲೋ ಅದಾವ, ಖರೆ. ಧೂಳ ನಾ ಹೊಡೀತೇನಿ. ಆದ್ರ ಇವು ಯಾವೂ ನನ್ನವಲ್ಲಲ್ರಿ.”

ಮುಧೋಳದಲ್ಲಿ ಬಿಸ್ಕತ್ತಿನ ಕಟ್ಟನ್ನು ಬಾಗಿಲಲ್ಲೇ ತೆಗೆದುಕೊಳ್ಳುತ್ತಾರೆ. ಒಳಗೆ ಟೀವಿ ಓಡುತ್ತಿದೆ. “ನಾಡದ ಬರ್ರಿ ಕಾಕಾ, ತಯಾರ ಇಟ್ಟಿರತೇವಿ,” ಎನ್ನುತ್ತಾಳೆ ಸೊಸೆ, ಒಳ್ಳೆಯ ಮನಸ್ಸಿನಿಂದಲೇ. ತುಕಾರಾಮ ಚಪ್ಪಲಿಯಿಂದ ಅರ್ಧ ಹೊರಗೆ ಬಂದಿದ್ದ ಬಲಗಾಲನ್ನು ಮತ್ತೆ ಚಪ್ಪಲಿಗೆ ತೂರಿಸುತ್ತಾರೆ.

ಬನಹಟ್ಟಿಯಲ್ಲಿ ಇಂದು ಮಗ್ಗಗಳಿಗೆ ವಿಶ್ರಾಂತಿ. ವರ್ಷದಲ್ಲಿ ಇಂಥ ಕೆಲವೇ ದಿನ ಈ ಊರಿನ ಓಣಿಗಳಲ್ಲಿ ಮನುಷ್ಯರ ಮಾತು ಮಗ್ಗದ ಸದ್ದಿಗಿಂತ ಮೇಲೆ ಕೇಳುತ್ತದೆ. ಕಟ್ಟೆಯ ಮೇಲೆ ಕುಳಿತ ನೇಕಾರ ಸಾತಪ್ಪ ದೂರದಿಂದಲೇ ಲೂನಾ ಗುರುತು ಹಿಡಿದು ಒಳಗಿನವರಿಗೆ ಕೂಗಿ ಹೇಳುತ್ತಾರೆ: “ಬಂತಪಾ ಭೂತಗನ್ನಡಿ. ಸೀರಿ ಮುಚ್ಚಿಡ್ರಿ.” ತೊಂಬತ್ತನಾಲ್ಕರಲ್ಲಿ ತಮ್ಮ ಆರು ಸೀರೆ ಒಂದೇ ದಿನ ವಾಪಸಾದದ್ದನ್ನು ಸಾತಪ್ಪ ಇನ್ನೂ ಕ್ಷಮಿಸಿಲ್ಲ. ತೋಟೆಗಳ ಕಟ್ಟು ಅವರ ಪಕ್ಕದ ಮನೆಯದು.

“ಸಾತಪ್ಪ, ನಿನ್ನ ಸೀರಿ ಇವತ್ತು ತಂದ್ರೂ ವಾಪಸನ.”

“ಹೌದಪಾ, ದೇವರ ಒಬ್ಬ ನಿನ್ನ ಕೈಯಾಗ ಪಾಸ ಆಗ್ಯಾನ.”

ತುಕಾರಾಮ ನಗುತ್ತಾರೆ. ಆದರೆ ಲೂನಾ ಹತ್ತುವಾಗ ನಗೆ ಉಳಿದಿರುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆ ಎಳೆ ಎಣಿಸಿ ಹೇಳಿದ ಒಂದು ತೀರ್ಪು ಅವರನ್ನು ಏಳು ವರ್ಷದಿಂದ ಕಾಡುತ್ತಿದೆ. ಚಿಕ್ಕಪಡಸಲಗಿಯ ಕೆಲಸ ಅದೇ.

ಅದು ೧೯೯೯. ಅನಗವಾಡಿಯಲ್ಲಿ ಹೊಳೆಯ ದಂಡೆಗಿದ್ದ ಓಣಿಯವರು ಬಂಡಿ ಹೇರುತ್ತಿದ್ದ ದಿನ. ಕುರಿ ಕಾಯುವ, ಬೀರೇಶ್ವರನಿಗೆ ನಡೆದುಕೊಳ್ಳುವ ಒಂದು ದೊಡ್ಡ ಮನೆತನ. ಆ ಮನೆಯ ಹಿರಿಮಗ ಅಮಸಿದ್ದಪ್ಪ ದಂಡಿನಲ್ಲಿದ್ದು ಬಂದವ, ತೀರಿಕೊಂಡು ಎಂಟು ವರ್ಷವಾಗಿತ್ತು. ಅವನ ಹೆಂಡತಿ ತಂಗೆವ್ವನಿಗೆ ಮಕ್ಕಳಿಲ್ಲ. ಪಡಸಾಲೆಯಲ್ಲಿ ಬೀರಪ್ಪ ದೇವರ ಫೋಟೋ ಪಕ್ಕಕ್ಕೆ ಅಮಸಿದ್ದಪ್ಪನ ಕಟ್ಟು ತೂಗುತ್ತಿತ್ತು, ಒಳಗೊಂದು ಬಿಳಿ ಬಟ್ಟೆಯ ತುಂಡು. ಖಂಡೇಪೂಜೆಯ ದಿನ ಮನೆತನದವರು ಬೀರಪ್ಪನ ಭಂಡಾರದ ಅರಿಶಿನವನ್ನು ಮೊದಲು ಆ ಗಾಜಿಗೆ ಹಚ್ಚಿ, ಆಮೇಲೆ ಕತ್ತರಿ ಕೊಡಲಿಗಳಿಗೆ ಹಚ್ಚುತ್ತಿದ್ದರು. ಮಕ್ಕಳಿಲ್ಲದ ವಿಧವೆಗೆ ಆ ತುಂಬಿದ ಮನೆಯಲ್ಲಿ ಇದ್ದ ಸ್ಥಾನ ಅದೊಂದೇ.

ತುಕಾರಾಮ ಎಂದಿನಂತೆ ಕಟ್ಟಿನ ಬೆನ್ನು ಬಿಚ್ಚಿದರು, ಚೀಟಿ ಅಂಟಿಸಬೇಕಲ್ಲ. ಎಂದಿನಂತೆ ಬಟ್ಟೆಯ ಮೇಲೆ ಭೂತಗನ್ನಡಿ ಇಟ್ಟರು. ಛತ್ರಿಯ ನೈಲಾನು ಅವರಿಗೆ ಅಣ್ಣನ ಕಾಲದಿಂದ ಪರಿಚಿತ: ನುಣುಪು ಎಳೆ, ನಡುನಡುವೆ ದಪ್ಪ ಎಳೆ ಹಾಯ್ದು ಸಣ್ಣ ಸಣ್ಣ ಚೌಕ, ಒಂದು ಕಡೆ ಹರಿದರೆ ಹರುಕು ಚೌಕ ದಾಟಿ ಹೋಗಬಾರದೆಂದು. ಇಲ್ಲಿ ಚೌಕವಿರಲಿಲ್ಲ. ನೈಲಾನೂ ಇರಲಿಲ್ಲ. ಒರಟು ಹತ್ತಿ ಬಟ್ಟೆ. ಕಚೇರಿಯ ಮೇಜಿನ ಹಿಂದೆ ನಿಂತು ಹೇಳುವ ದನಿಯಲ್ಲೇ ಅವರು ಹೇಳಿದರು: “ಇದು ಛತ್ರಿ ಅಲ್ಲವ್ವ. ಹತ್ತಿ ಅರಿವಿ.”

ಬಂಡಿಯ ಸುತ್ತ ಹತ್ತಿಪ್ಪತ್ತು ಜನ ಇದ್ದರು. ಮೈದುನ ಶಿದ್ರಾಮಪ್ಪ ಹಗ್ಗ ಬಿಗಿಯುವುದನ್ನು ನಿಲ್ಲಿಸಿ, “ನಾ ಮೊದಲ ಹೇಳಿದ್ನೆಲ್ಲ. ನಮ್ಮಣ್ಣ ದಂಡಿನಾಗ ರೊಟ್ಟಿ ಬಡಿಯಾಂವ ಇದ್ದ. ರೊಟ್ಟಿ ಮುಚ್ಚೂ ಅರಿವೀನ ತಂದಾನ,” ಎಂದ. ಜನ ನಕ್ಕರು. ತಂಗೆವ್ವ ಬಟ್ಟೆಯ ತುಂಡನ್ನು ಹೊರಗೆ ತೆಗೆದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಯ ಕಟ್ಟನ್ನೂ ಗಾಜನ್ನೂ ತುಕಾರಾಮರ ಕೈಗೆ ಕೊಟ್ಟಳು. “ಇದರ ಕೆಲಸ ಮುಗೀತು, ಒಯ್ಯಿರಿ.” ಹೊಸ ಜಾಗಕ್ಕೆ ಮನೆತನ ಹೋದಾಗ ಅವರ ಜೊತೆ ಆಕೆ ಹೋಗಲಿಲ್ಲ ಎಂಬುದು ಆಮೇಲೆ ತಿಳಿಯಿತು. ಎಲ್ಲಿಗೆ ಹೋದಳೆಂದು ಯಾರೂ ಸರಿಯಾಗಿ ಹೇಳಲಿಲ್ಲ.

ಏಳು ವರ್ಷ ಆ ತೀರ್ಪಿನ ಬಗ್ಗೆ ತುಕಾರಾಮರಿಗೆ ಅನುಮಾನವೇ ಬರಲಿಲ್ಲ. ೨೦೦೬ರಲ್ಲಿ ತೇರದಾಳದ ಹಣಮಪ್ಪನವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಾತಿಗೆ ಮಾತು ಬಂದು ಈ ಪ್ರಸಂಗ ಹೇಳಿದರು, ತಮಾಷೆಯಾಗಿ. ಟಾಂಗೈಲಿನಲ್ಲಿ ಜಿಗಿದವರಲ್ಲಿ ಹಣಮಪ್ಪನವರೂ ಒಬ್ಬರು. ಅವರು ನಗಲಿಲ್ಲ. ಬಾಯಿಗೆ ಹೊರಟಿದ್ದ ತುತ್ತನ್ನು ಗಂಗಾಳಕ್ಕೆ ವಾಪಸು ಇಟ್ಟರು.

“ಲೇ ತುಕಾರಾಮ, ಮನಶ್ಯಾರ ಛತ್ರಿ ನೈಲಾನ. ಸಾಮಾನಿನ ಛತ್ರಿ ಹತ್ತಿ. ತೋಟೆ, ಕಾಳ, ಔಷಧ ಎಲ್ಲಾ ಹತ್ತಿ ಛತ್ರಿ ಕಟ್ಟೇ ಒಗಿಯೂದು. ಹಿಟ್ಟಿನ ಚೀಲಕ್ಕ ನೈಲಾನ ಕಟ್ಟಾಕ ಸರಕಾರಕ್ಕ ಹುಚ್ಚ ಹಿಡದೈತೇನ?”

“ಹಂಗಾರ ಅಮಸಿದ್ದಪ್ಪ...”

“ಅಮಸಿದ್ದ ನನ್ನ ಮುಂದ ನಿಂತಿದ್ದ, ವಿಮಾನದ ಬಾಗಲದಾಗ. ನನ್ನಕಿಂತ ಮೊದಲ ಜಿಗದಾನ. ಕೆಳಗ ಹೊಲದಾಗ ಬಿದ್ದ ಸಾಮಾನ ಆರಿಸಿ ತರೂದು ಅವನ ಪಾಳಿ. ನಾವೆಲ್ಲ ನಮ್ಮ ಛತ್ರಿ ಕತ್ತರಿಸಿ ಕದ್ದ ತಂದ್ವಿ. ಅವ ತನ್ನದನ್ನ ಸುತ್ತಿ ಲೆಕ್ಕಕ್ಕ ಕೊಟ್ಟ, ಹರದ ಬಿದ್ದಿದ್ದ ಸಾಮಾನಿನ ಛತ್ರಿಯಾಗ ಒಂದ ತುಂಡ ತಂದ. ನಮ್ಮೊಳಗ ಪ್ರಾಮಾಣಿಕ ಅಂದ್ರ ಅವ ಒಬ್ಬ. ಅವನ್ನ ಹಿಡದ ನೀ ಸುಳ್ಳ ಮಾಡಿದಿ.”

ಈ ಮಾತನ್ನು ಹೇಳುವಾಗ ಈಗಲೂ ತುಕಾರಾಮರ ಕೈ ಜೇಬಿಗೆ ಹೋಗುತ್ತದೆ, ಭೂತಗನ್ನಡಿ ಹಿಡಿಯದೆ ಹೊರಗೆ ಬರುತ್ತದೆ. “ನಾ ಸುಳ್ಳ ಹೇಳಲಿಲ್ರಿ. ಹತ್ತಿ ಇತ್ತು, ಹತ್ತಿ ಅಂದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. ಛತ್ರಿ ಅಲ್ಲ ಅಂತ ಒಂದ ಮಾತ ಸೇರಿಸಿದೆ ನೋಡ್ರಿ, ಅದನ್ನ ನನಗ ಯಾರೂ ಕೇಳಿದ್ದಿಲ್ಲ.”

ಆವತ್ತಿನಿಂದ ಕಟ್ಟು ಮುಟ್ಟಿಸುವ ಪ್ರತಿ ತಿರುಗಾಟವೂ ತಂಗೆವ್ವನನ್ನು ಹುಡುಕುವ ತಿರುಗಾಟವಾಯಿತು. ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳನ್ನು ಒಂದೂ ಬಿಡದೆ ಸುತ್ತಿದರು. ಬೀರಪ್ಪನ ಗುಡಿಗಳಲ್ಲಿ ಪೂಜಾರಿಗಳನ್ನು ಕೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಕಂಬಳಿ ಇದ್ದವರನ್ನೆಲ್ಲ ನಿಲ್ಲಿಸಿ, “ಅನಗವಾಡಿ ತಂಗೆವ್ವ ಗೊತ್ತೇನ್ರಿ” ಎಂದರು. ಏಳು ವರ್ಷದಲ್ಲಿ ಮೂವರು ತಂಗೆವ್ವಂದಿರು ಸಿಕ್ಕರು, ಬೇಕಾದವಳು ಸಿಗಲಿಲ್ಲ. ಸಿಕ್ಕವರಲ್ಲಿ ಒಬ್ಬಾಕೆ ಇವರ ಉದ್ದೇಶದ ಬಗ್ಗೆ ಅನುಮಾನಪಟ್ಟು ಕೈಗೆ ಬಡಿಗೆ ತೆಗೆದುಕೊಂಡದ್ದೂ ಉಂಟು. ಹೋದ ವಾರ ಜಮಖಂಡಿಯ ಚಹಾದಂಗಡಿಯಲ್ಲಿ ಅದೇ ಪ್ರಶ್ನೆಗೆ ದುಂಡೇಶ ಎಂಬ ಟ್ರ್ಯಾಕ್ಟರ್ ಚಾಲಕ ಬಶಿಯಿಂದ ಮುಖ ಎತ್ತಿ, “ನಮ್ಮ ದೊಡ್ಡವ್ವ ರಿ ಅಕಿ, ನಮ್ಮವ್ವನ ಅಕ್ಕ. ನಮ್ಮನ್ಯಾಗ ಅದಾಳ, ಚಿಕ್ಕಪಡಸಲಗ್ಯಾಗ,” ಎಂದ. ಹುಡುಕಿದ್ದು ಹದಿನೈದು ಕಿಲೋಮೀಟರ್ ದೂರದಲ್ಲಿತ್ತು. ಅಂದೇ ಹೋಗಬಹುದಿತ್ತು. ತುಕಾರಾಮ ಎಂಟು ದಿನ ತಡೆದರು.

ತೇರದಾಳದಲ್ಲಿ ಹಣಮಪ್ಪನವರು ತಮ್ಮ ಹಸಿರು ಬಟ್ಟೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕಿಂತ ಅದನ್ನು ತಂದ ತುಕಾರಾಮರನ್ನೇ ಹೆಚ್ಚು ನೋಡುತ್ತಾರೆ. ಹಣಮಪ್ಪನವರ ಎರಡೂ ಮೊಣಕಾಲು ಹೋಗಿ ವರ್ಷಗಳಾಗಿವೆ.

“ಇನ್ನ ಹೋಗಿಲ್ಲ?”

“ಈಗ ಹೊಂಟೇನಿ.”

“ಬಾಗಲದಾಗ ನಿಂತಾಗ ನಮಗ ಒಂದ ಹೇಳಿದ್ರು. ಕೆಳಗ ನೋಡಬ್ಯಾಡ, ಹಿಂದಿನಾಂವ ದೂಡೂದರಾಗ ಜಿಗಿ. ಹೋಗ.”

ಚಿಕ್ಕಪಡಸಲಗಿ ಮುಟ್ಟುವಾಗ ಮಧ್ಯಾಹ್ನ ಮೂರು. ರೈತರು ತಾವೇ ಕಟ್ಟಿಕೊಂಡ ಬ್ಯಾರೇಜಿನ ಹಿಂದೆ ಕೃಷ್ಣೆ ತುಂಬಿ ನಿಂತಿದೆ. ಊರ ಹೊರಗೆ ಕಬ್ಬಿನ ನಡುವೆ ದುಂಡೇಶನ ಮನೆ. ಅಂಗಳದಲ್ಲಿ ಸಾಲಾಗಿ ಕುಡಗೋಲು, ಹಾರೆ, ಉಣ್ಣೆ ಕತ್ತರಿಸುವ ಕತ್ತರಿ, ಕೊನೆಗೆ ಟ್ರ್ಯಾಕ್ಟರು. ಎಲ್ಲದರ ಮೇಲೂ ಭಂಡಾರದ ಹಳದಿ. ಅಕ್ಕಪಕ್ಕದ ಹೊಲದವರೂ ಸೇರಿ ಹತ್ತು ಹನ್ನೆರಡು ಜನ. ಗೋಡೆಗೆ ಒರಗಿ ಕುಳಿತ ಎಪ್ಪತ್ತರ ಹತ್ತಿರದ ತಂಗೆವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ.

“ಎಳಿ ಎಣಸೂ ಸಾಹೇಬರಲ್ಲ?”

ತುಕಾರಾಮ ಆಕೆಯ ಎದುರಿಗೆ ನೆಲದ ಮೇಲೆಯೇ ಕುಳಿತುಕೊಳ್ಳುತ್ತಾರೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಅಂಗಳದಲ್ಲಿ ನಾಲ್ಕೇ ವಾಕ್ಯವಾಗುತ್ತದೆ. ಹತ್ತಿಯ ಛತ್ರಿಯೂ ಇತ್ತು. ಅದು ಸಾಮಾನಿನದು. ಅಮಸಿದ್ದಪ್ಪ ಹಣಮಪ್ಪನಿಗಿಂತ ಮೊದಲು ಜಿಗಿದಿದ್ದ. ತಪ್ಪು ನನ್ನದು.

ಗೋಡೆಗೆ ಒರಗಿದ್ದ ತಂಗೆವ್ವ ಬೆನ್ನು ನೆಟ್ಟಗೆ ಮಾಡುತ್ತಾಳೆ.

“ಯಾವಾಗ ಗೊತ್ತಾತು ನಿಮಗ?”

“ಏಳ ವರ್ಷ ಆತವ್ವ. ಅವತ್ತಿನಿಂದ ಹುಡಕಾಕತ್ತೇನಿ.”

“ಏಳ ವರ್ಷ.” ಆಕೆ ಒಮ್ಮೆ ದುಂಡೇಶನ ಕಡೆ ನೋಡಿ ಮತ್ತೆ ಇವರತ್ತ ತಿರುಗುತ್ತಾಳೆ. “ನಾ ಮನಿ ಬಿಟ್ಟ ಹ್ವಾದಾಗ ನನ್ನ ಗಂಡನ ಮನಿಯವರು ಏಳ ದಿವಸಾನೂ ಹುಡಕಲಿಲ್ಲ.”

“ಆ ಅರಿವಿ ಐತೇನವ್ವ? ಕಟ್ಟ ನನ್ನ ಹತ್ರ ಐತಿ. ಗಾಜೂ ಒಡದಿಲ್ಲ.”

“ಹತ್ತಿ ಅರಿವಿ ಅಂದ್ರಿ ನೀವು. ಹತ್ತಿ ಅರಿವಿಲೆ ಹಾಲ ಸೋಸತಾರ. ಸೋಸಿದೆ. ಒಂಬತ್ತ ವರ್ಷ ಬಂತು, ಘಟ್ಟಿ ಇತ್ತು ಭಾಳ. ಆಮ್ಯಾಲ ಸವದು ಜಾಳ ಆತು, ಒಲಿ ಒರಸಾಕ ಆತು, ಒಂದಿನ ಒಲ್ಯಾಗನ ಹೋತು.” ಆಕೆಯ ದನಿಯಲ್ಲಿ ಸಿಟ್ಟಿಲ್ಲ. ಬಟ್ಟೆಯ ಬಾಳಿಕೆಯ ಬಗ್ಗೆ ತಿಳಿದವರೊಬ್ಬರಿಗೆ ವರದಿ ಕೊಟ್ಟಂತಿದೆ.

ಒಂದು ಎಳೆಯೂ ಉಳಿದಿಲ್ಲ. ತುಕಾರಾಮ ತಲೆ ಎತ್ತುವುದಿಲ್ಲ. “ಶಿದ್ರಾಮಪ್ಪನವರಿಗರ ಹೇಳಿ ಬರತೇನಿ, ಎಲ್ಲಿ ಅದಾರ ಹೇಳ್ರಿ,” ಎನ್ನುತ್ತಾರೆ.

“ಅವ ಸತ್ತ ಮೂರ ವರ್ಷ ಆತು. ಅವನಿಗೆ ನಾನ ಹೇಳಬೇಕಂತಿದ್ದೆ. ಏನಂತ ಹೇಳಬೇಕಿತ್ತು, ಗೊತ್ತಿರಲಿಲ್ಲ.”

ತುಕಾರಾಮ ಕೈ ಮುಗಿದು ಏಳಲು ನೆಲಕ್ಕೆ ಕೈ ಊರುತ್ತಾರೆ. ಆಕೆ ತಡೆಯುತ್ತಾಳೆ, ಆದರೆ ಕೂರಿಸುವುದಕ್ಕಲ್ಲ.

“ಅವತ್ತ ನಿಂತ ಹೇಳಿದ್ರಿ ನೀವು, ಎಲ್ಲಾರಿಗೂ ಕೇಳೂಹಂಗ. ಇವತ್ತ ಕುಂತ ನನ್ನ ಒಬ್ಬಾಕಿಗೆ ಹೇಳಿದ್ರ ಹೆಂಗರಿ?”

ಹೀಗೆ ತುಕಾರಾಮ ಜಾಧವ ಚಿಕ್ಕಪಡಸಲಗಿಯ ಕಬ್ಬಿನ ಹೊಲದ ಅಂಗಳದಲ್ಲಿ ಎದ್ದು ನಿಲ್ಲುತ್ತಾರೆ. ಜನ ಮಾತು ನಿಲ್ಲಿಸುತ್ತಾರೆ. ತುಕಾರಾಮ ತಮ್ಮ ಕಚೇರಿಯ ದನಿ ಹುಡುಕುತ್ತಾರೆ, ಮೊದಲ ಸಲಕ್ಕೆ ಸಿಗುವುದಿಲ್ಲ. ಎರಡನೆಯ ಸಲಕ್ಕೆ ಸಿಗುತ್ತದೆ. “ಅನಗವಾಡಿ ಅಮಸಿದ್ದಪ್ಪನವರು ಎಪ್ಪತ್ತೊಂದರ ಯುದ್ಧದಾಗ ವಿಮಾನದಿಂದ ಜಿಗದಾರ. ಅವರ ಮನ್ಯಾಗಿದ್ದ ಅರಿವಿ ಛತ್ರೀದ. ಛತ್ರಿ ಅಲ್ಲ ಅಂತ ನಾ ಹೇಳಿದ್ದೆ. ನಾ ಹೇಳಿದ್ದು ತಪ್ಪು.” ಕೇಳಿದವರಲ್ಲಿ ಅರ್ಧ ಜನಕ್ಕೆ ಅಮಸಿದ್ದಪ್ಪ ಯಾರೆಂದು ಗೊತ್ತಿಲ್ಲ. ಒಬ್ಬ ಮುದುಕ ಕಂಬಳಿ ಸರಿಮಾಡಿಕೊಂಡು, “ಹಂಗಾರ ನಮ್ಮ ತಂಗೆವ್ವನ ಗಂಡ ದೊಡ್ಡ ಮನಶ್ಯಾ ಅನ್ನು,” ಎನ್ನುತ್ತಾನೆ. “ಮತ್ತೇನ,” ಎನ್ನುತ್ತಾಳೆ ತಂಗೆವ್ವ.

ಆಕೆ ಎದ್ದು ಭಂಡಾರದ ಬಟ್ಟಲು ತರುತ್ತಾಳೆ. ಹಚ್ಚಲು ಗಾಜಿಲ್ಲ. ಬಟ್ಟೆಯಿಲ್ಲ. ಒಂದು ಚಿಟಿಕೆ ತುಕಾರಾಮರ ಹಣೆಗೆ ಹಚ್ಚಿ, ಒಳಗೆ ನೋಡಿ ರೊಟ್ಟಿಗೆ ಹೇಳುತ್ತಾಳೆ.

ಊಟ ಮುಗಿದು ಲೂನಾದ ಹತ್ತಿರ ಬಂದಾಗ ತಂಗೆವ್ವ ಹಿಂದೆಯೇ ಬರುತ್ತಾಳೆ. “ಮುಂದಿನ ವರ್ಷಾನೂ ಬರ್ರಿ. ಈ ಸರತಿ ನಮ್ಮ ಬೀಗರು ಬಂದಿಲ್ಲ, ಅವರು ಕೇಳಿಲ್ಲ. ಅವರ ಮುಂದ ಇನ್ನೊಮ್ಮೆ ಹೇಳಬೇಕು.”

“ಬರತೇನವ್ವ.”

“ಹನ್ನೆರಡಕ್ಕ ಬರ್ರಿ. ಮೂರಕ್ಕ ಬಂದ್ರ ಹೋಳಿಗಿ ಉಳಿಯಂಗಿಲ್ಲ.”

ಕೌದಿ ಈಗ ಖಾಲಿ. ತುಕಾರಾಮ ಅದನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿಕೊಳ್ಳುತ್ತಾರೆ. ನಾಡಿದ್ದು ಮತ್ತೆ ಒಂಬತ್ತು ಮನೆ ಸುತ್ತಬೇಕು. ಮುಂದಿನ ವರ್ಷ ಆ ಒಂಬತ್ತರಲ್ಲಿ ಎಷ್ಟು ಉಳಿಯುತ್ತವೋ, ಅವರಿಗೂ ಗೊತ್ತಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಲೂನಾದ ಪೆಡಲಿನ ಮೇಲೆ ಕಾಲಿಟ್ಟು ಯೋಚಿಸುತ್ತಾರೆ.

“ಆಸೆ ಏನ್ರಿ. ಒಂಬತ್ತ ಮನಿಯವರು ಕಟ್ಟ ಬಂತೇನ ಅಂತ ಕೇಳತಾರ. ಈ ಮನ್ಯಾಗ ನಾ ಬಂದ್ನೇನ ಅಂತ ಕೇಳತಾರಂತ.” ಅವರು ಹಣೆ ಮುಟ್ಟಿ ನೋಡಿಕೊಳ್ಳುವುದಿಲ್ಲ, ಒರೆಸಿಕೊಳ್ಳುವುದೂ ಇಲ್ಲ. “ಬರೋ ವರ್ಷ ಇದನ್ನ ಮೊದಲ ಮುಗಿಸಿ, ಉಳದ ಕಡೆ ಹೋಗಬೇಕಂತ ಮಾಡೇನಿ.”